ಅಡ್ಡಹೆಸರು ಯಾರದು?

ಅಕ್ಕಿಕಾಳು ಬಿದ್ದ ಮರುದಿನವೇ ನಮ್ಮ ನಿಡಗುಂದಿ ಕಡೆ ಹೆಣ್ಣುಮಗಳ ಹೆಸರು ಎರಡು ಕಡೆ ಬದಲಾಗುತ್ತದೆ: ಅಪ್ಪನ ಹೆಸರಿದ್ದಲ್ಲಿ ಗಂಡನದು, ತವರಿನ ಅಡ್ಡಹೆಸರಿದ್ದಲ್ಲಿ ಗಂಡನ ಮನೆಯದು. ಬದಲಿಸಲೇಬೇಕೆಂದು ಯಾವ ಕಾನೂನೂ ಹೇಳುವುದಿಲ್ಲ. ಆದರೆ ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಹಳೆಯ ಹೆಸರು, ಆಧಾರ್‌ನಲ್ಲಿ ಹೊಸದು ಇದ್ದರೆ ಎರಡೂ ತನ್ನದೇ ಎಂದು ಸಾಬೀತು ಮಾಡುವ ಅಫಿಡವಿಟ್ ಓಡಾಟ ಅವಳ ಪಾಲಿಗೇ. ಹಿಂದೂ ಉತ್ತರಾಧಿಕಾರ ಕಾಯ್ದೆಯ 2005ರ ತಿದ್ದುಪಡಿ ಅವಿಭಕ್ತ ಕುಟುಂಬದ ಆಸ್ತಿಯಲ್ಲಿ ಮಗಳಿಗೂ ಮಗನಷ್ಟೇ ಹಕ್ಕು ಕೊಟ್ಟಿದೆ. ಆ ಹಕ್ಕಿನಂತೆ ತವರಿನ ಆಸ್ತಿಯ ಉತಾರಿಯಲ್ಲಿ ಹೆಸರು ಸೇರಿಸಲು ಹೋದಾಗಲೂ ಇದೇ ತೊಡಕು ಎದುರಾಗಬಹುದು.

ಮನೆಗೆಲ್ಲ ಒಂದೇ ಹೆಸರಿದ್ದರೆ ಒಗ್ಗಟ್ಟು ಅನ್ನುತ್ತಾರೆ. ಮೈಸೂರು ಕಡೆ ಅಡ್ಡಹೆಸರೇ ಇಲ್ಲದೆ ಬರೀ ಇನಿಶಿಯಲ್‌ನಲ್ಲಿ ನಡೆಯುವ ಮನೆಗಳು ಎಷ್ಟಿಲ್ಲ! ಅದರಿಂದ ಯಾರ ಸಂಸಾರವೂ ಒಡೆದಿಲ್ಲ. ತವರಿನದೂ ಅಪ್ಪನ ಹೆಸರೇ ಅಲ್ಲವೇ ಅಂದರೆ, ಹೌದು, ಆದರೆ ಅದು ಅವಳು ಹುಟ್ಟಿನಿಂದ ಹೊತ್ತು, ಓದಿ, ದುಡಿದು ತನ್ನದಾಗಿಸಿಕೊಂಡ ಹೆಸರು. ಬದಲಿಸುವುದೇ ತಪ್ಪು ಅಂತ ನಾನು ಹೇಳುತ್ತಿಲ್ಲ. ಬಸವಣ್ಣನ ಕಾಲದ ಆಯ್ದಕ್ಕಿ ಲಕ್ಕಮ್ಮನ ವಚನಗಳ ಅಂಕಿತದಲ್ಲೂ ಗಂಡ ಮಾರಯ್ಯನ ಹೆಸರಿದೆ. ಆದರೆ ಅಂಕಿತ ವಚನ ಬರೆದವಳದು, ಊರವರು ಹಚ್ಚಿದ್ದಲ್ಲ. ನಿಮ್ಮ ಮನೆಯಲ್ಲಿ ಲಗ್ನಕ್ಕೆ ಮೊದಲು ಹೆಸರು ಬದಲಿಸುತ್ತೀಯಾ ಎಂದು ಮಗಳನ್ನು ಕೇಳಿದ್ದೀರಾ? ಹೇಳಿ.