ಹಳಿಯ ಲೆಕ್ಕ ಕೇಳುತ್ತ ಸುರಪುರದವರೆಗೆ

ರಾಯಚೂರು ಬಿಟ್ಟ ಉದ್ಯಾನ್ ಎಕ್ಸ್‌ಪ್ರೆಸ್ ಕೃಷ್ಣಾ ಸೇತುವೆಗೆ ಬಂದಾಗ ಬೆಳಕು ಹರಿಯುತ್ತಿತ್ತು. ಹೊಳೆಯಲ್ಲಿ ನೀರಿಗಿಂತ ಬಂಡೆಗಳೇ ಹೆಚ್ಚು. ಆಚೆ ದಡ ತೆಲಂಗಾಣ; ಕೃಷ್ಣಾ ಎಂಬ ಸಣ್ಣ ನಿಲ್ದಾಣ ಹಿಂದೆ ಸರಿದು ಸೈದಾಪುರ ಬರುವಷ್ಟರಲ್ಲಿ ಮತ್ತೆ ಕರ್ನಾಟಕ. ಯುಗಾದಿ ಹತ್ತಿರವಿತ್ತು. ಯಾದಗಿರಿಯಲ್ಲಿ ಇಳಿದರೆ ಜನರಲ್ ಬೋಗಿಗಳಿಂದ ಜನ ಒಬ್ಬರ ಮೇಲೊಬ್ಬರು ಬೀಳುವಂತೆ ಹೊರಬಂದರು. ಬೆಂಗಳೂರಿನ ಕಟ್ಟಡಗಳಿಗೆ ಗುಳೆ ಹೋದವರು ಹಬ್ಬಕ್ಕೆ ಊರಿಗೆ ಮರಳುತ್ತಿದ್ದರು. ಕಂಕುಳಲ್ಲಿ ಮಗು, ತಲೆಯ ಮೇಲೆ ಚೀಲ, ಕೈಯಲ್ಲಿ ಹೊಸ ಪ್ಲಾಸ್ಟಿಕ್ ಕೊಡ. ರಾತ್ರಿಯಿಡೀ ಶೌಚಾಲಯದ ಬಾಗಿಲಲ್ಲಿ ಕುಕ್ಕರಗಾಲಲ್ಲಿ ಕೂತು ಬಂದ ಇವರ ಹೆಸರು ರೈಲ್ವೆಯ ಯಾವ ಪಟ್ಟಿಯಲ್ಲೂ ಇರುವುದಿಲ್ಲ. ಕಾಯ್ದಿರಿಸಿದ ಇ-ಟಿಕೆಟ್ ಇದ್ದವರಿಗೆ ಒಂದು ರೂಪಾಯಿಗೂ ಕಡಿಮೆಗೆ ಹತ್ತು ಲಕ್ಷದ ವಿಮೆ ಸಿಗುತ್ತದೆ. ಇವರಿಗೆ ಅದೂ ಇಲ್ಲ.

ನಾನು ಹೊರಟಿದ್ದದ್ದು ಶಹಾಪುರ, ಸುರಪುರಗಳಿಗೆ. ಈ ಎರಡೂ ಊರುಗಳು ರೈಲು ಕಂಡಿಲ್ಲ. ಗದಗ–ವಾಡಿ ಹೊಸ ಮಾರ್ಗ ಆ ಸೀಮೆಯನ್ನು ಹಾದುಹೋಗಬೇಕು. ರೈಲು ಬರುವ ಮುನ್ನವೇ ಅಲ್ಲಿಯ ಜನರೊಂದಿಗೆ ಒಂದು ವಿಷಯ ಮಾತಾಡಬೇಕೆನ್ನಿಸಿತ್ತು: ಹಳಿಯನ್ನು ನೋಡಿಕೊಳ್ಳಬೇಕಾದವರು ನೋಡಿಕೊಳ್ಳದಿದ್ದರೆ ನಾವು ಯಾರನ್ನು, ಹೇಗೆ ಕೇಳುವುದು?

ಯಾದಗಿರಿ ನಿಂತಿರುವುದು ಮುಂಬೈ–ಚೆನ್ನೈ ನಡುವಿನ ಹಳೆಯ ಮುಖ್ಯ ಮಾರ್ಗದಲ್ಲಿ. ಮುಂಬೈ ಕಡೆಯ ಗ್ರೇಟ್ ಇಂಡಿಯನ್ ಪೆನಿನ್ಸುಲಾ ಕಂಪನಿಯ ಹಳಿಯೂ ಮದ್ರಾಸ್ ಕಡೆಯ ಹಳಿಯೂ ರಾಯಚೂರಿನಲ್ಲಿ ಕೂಡಿದ್ದು 1871ರಲ್ಲಿ. ಆ ಕಂಪನಿಗೆ ಹಾಕಿದ ಬಂಡವಾಳಕ್ಕೆ ವರ್ಷಕ್ಕೆ ಶೇಕಡಾ 5ರ ಆದಾಯವನ್ನು ಸರ್ಕಾರವೇ ಖಾತ್ರಿ ಮಾಡಿತ್ತು. ಲಾಭ ಬಂದರೆ ಲಂಡನ್ನಿನ ಷೇರುದಾರರಿಗೆ, ಸಾಲದಿದ್ದರೆ ಇಲ್ಲಿಯ ತೆರಿಗೆಯಿಂದ ಭರ್ತಿ. ಇಂದು ಇದೇ ಹಳಿಯ ಮೇಲೆ ಎಕ್ಸ್‌ಪ್ರೆಸ್‌ಗಳ ಜೊತೆಗೆ ವಾಡಿಯ ಸಿಮೆಂಟು, ಶಕ್ತಿನಗರದ ಉಷ್ಣವಿದ್ಯುತ್ ಕೇಂದ್ರದ ಕಲ್ಲಿದ್ದಲು ಓಡುತ್ತವೆ. ಗೂಡ್ಸ್ ಗಾಡಿ ಭಾರವಾದಷ್ಟೂ ಹಳಿ ಬೇಗ ಸವೆಯುತ್ತದೆ.

ಪ್ಲಾಟ್‌ಫಾರ್ಮ್ ಮುಗಿಯುವಲ್ಲಿ ಕಿತ್ತಳೆ ಬಣ್ಣದ ಜಾಕೆಟ್ ತೊಟ್ಟ ಕೀಮ್ಯಾನ್ ಒಬ್ಬರು ಹೆಗಲ ಮೇಲೆ ಸುತ್ತಿಗೆ, ಸ್ಪ್ಯಾನರ್ ಹೊತ್ತು ಹಳಿಗುಂಟ ಹೊರಟಿದ್ದರು. ಸಡಿಲಾದ ಕ್ಲಿಪ್ಪನ್ನು ಬಡಿದು ಕೂರಿಸುವುದು, ಬೆಸುಗೆಯ ಬಳಿ ಬಗ್ಗಿ ನೋಡುವುದು, ಖಡಿ ಜಾರಿದ್ದರೆ ಗುರುತು ಹಾಕುವುದು ಅವರ ನಿತ್ಯದ ಕೆಲಸ. ಹಳಿ ಮುರಿದದ್ದು ಕಂಡರೆ ಕೆಂಪು ಬಾವುಟ ಹಿಡಿದು ಓಡಬೇಕು. 600 ಮೀಟರ್ ದೂರದಲ್ಲಿ ಒಂದು ಪಟಾಕಿ, 1,200 ಮೀಟರ್ ದೂರದಲ್ಲಿ ಹತ್ತು ಹತ್ತು ಮೀಟರಿಗೆ ಒಂದರಂತೆ ಮೂರು ಪಟಾಕಿಗಳನ್ನು ಹಳಿಗೆ ಕಟ್ಟಬೇಕು. ಗಾಲಿಯಡಿ ಅವು ಸಿಡಿದರೆ ಚಾಲಕ ಗಾಡಿ ನಿಲ್ಲಿಸುತ್ತಾನೆ. ಈ ಸೀಮೆಯ ಬೇಸಿಗೆಯಲ್ಲಿ ಉದ್ದಕ್ಕೆ ಬೆಸೆದ ಹಳಿ ಹಿಗ್ಗಿ ಡೊಂಕಾಗುತ್ತದೆ. ಚಳಿಯಲ್ಲಿ ಕುಗ್ಗಿ ಸೀಳುತ್ತದೆ. ಮಳೆಯಲ್ಲಿ ಕೆಳಗಿನ ಮಣ್ಣು ಕುಸಿಯುತ್ತದೆ. ಹಾಗಾಗಿ ಮೂರೂ ಕಾಲಕ್ಕೆ ಬೇರೆ ಬೇರೆ ಗಸ್ತು. ಕಿಲೋಮೀಟರುಗಟ್ಟಲೆ ನಡೆಯುವ ಈ ಕಾಲುಗಳ ಮೇಲೆ ಲಕ್ಷಾಂತರ ಜನರ ನಿದ್ದೆ ನಿಂತಿದೆ. ಯಂತ್ರ ಎಷ್ಟೇ ಬರಲಿ, ಆ ಗೌರವ ಅವರಿಗೆ ಸಲ್ಲಲೇಬೇಕು.

ಶಹಾಪುರದ ಬಸ್ಸು ಭೀಮಾ ಸೇತುವೆ ದಾಟಿತು. ಪಕ್ಕದಲ್ಲಿ ಕೂತವರು ಬಿಳಿ ಧೋತರ, ಟೊಪ್ಪಿಗೆಯ ಹಿರಿಯರು. ಮಾತಿಗೆ ಮಾತು ಬೆಳೆದು ಅವರೂ ಹಳಿ ನೋಡಿಕೊಳ್ಳುವ ಗ್ಯಾಂಗ್‌ಮನ್ ಆಗಿ ನಿವೃತ್ತರಾದವರೆಂದು ತಿಳಿಯಿತು. ಕೆಲಸ ಮಾಡಿದ್ದು ದೂರದ ಬೇರೊಂದು ವಿಭಾಗದಲ್ಲಿ.

“ಹಳೀ ಮಾತಾಡ್ತದ್ರೀ ಸರ. ಸುತ್ತಿಗಿಲೆ ಬಡದ್ರ ಗಟ್ಟಿ ಇದ್ದದ್ದು ಒಂದ್ ಸಪ್ಪಳ, ಸೀಳಿದ್ದು ಒಂದ್ ಸಪ್ಪಳ.”

“ಸೀಳಿದ್ದು ಗೊತ್ತಾದ ಮೇಲೆ ಏನು ಮಾಡ್ತಿದ್ರಿ ಕಾಕಾ?”

“ಬರಸ್ತಿದ್ವಿ. ಸಾಹೇಬ್ರು ಬ್ಲಾಕ್ ಕೇಳ್ತಿದ್ರು. ಎರಡ್ ತಾಸ್ ಕೇಳಿದ್ರ ನಲವತ್ತ್ ಮಿನಿಟ್ ಸಿಗ್ತಿತ್ತು, ಇಲ್ಲಾಂದ್ರ ಅದೂ ಇಲ್ಲ. ಗಾಡಿ ಮ್ಯಾಲ ಗಾಡಿ. ನಾಳಿ ನೋಡೋಣ ಅಂತಿದ್ರು. ನಾಳಿ ಅಂದ್ರ ಮತ್ತ ನಾಳಿ.”

ಹಳಿ ದುರಸ್ತಿಗಾಗಿ ಆ ಹಾದಿಯ ರೈಲುಗಳನ್ನು ನಿಲ್ಲಿಸಿ ಕೊಡುವ ಹೊತ್ತೇ ಬ್ಲಾಕ್. ಗಾಡಿಗಳು ಸಮಯಕ್ಕೆ ಓಡಬೇಕೆಂದು ಒಂದು ವಿಭಾಗ ಎಳೆಯುತ್ತದೆ, ಹಳಿ ಸರಿಮಾಡಬೇಕೆಂದು ಇನ್ನೊಂದು ವಿಭಾಗ ಬೇಡುತ್ತದೆ. ಗಾಡಿ ತಡವಾದರೆ ಅದೇ ಗಳಿಗೆ ಎಲ್ಲರಿಗೂ ತಿಳಿಯುತ್ತದೆ. ದುರಸ್ತಿ ತಡವಾದದ್ದು ತಿಳಿಯುವುದು ಬೋಗಿಗಳು ಮಗುಚಿದ ಮೇಲೆ. 2017ರ ಆಗಸ್ಟ್ 19ರಂದು ಉತ್ತರ ಪ್ರದೇಶದ ಖತೌಲಿಯಲ್ಲಿ ಆದದ್ದು ಇದೇ. ಬ್ಲಾಕ್ ಇಲ್ಲದೆಯೇ ಹಳಿಯ ಕೆಲಸ ನಡೆದಿದ್ದಾಗ ಕಳಿಂಗ ಉತ್ಕಲ್ ಎಕ್ಸ್‌ಪ್ರೆಸ್ ಅದೇ ಹಳಿಯ ಮೇಲೆ ವೇಗವಾಗಿ ಬಂತು. ಇಪ್ಪತ್ತಕ್ಕೂ ಹೆಚ್ಚು ಜನ ಸತ್ತರು. ಕೆಲಸ ಮಾಡುತ್ತಿದ್ದವರ ತಪ್ಪು ತನಿಖೆಯಾಯಿತು, ಆಗಬೇಕಾದದ್ದೇ. ಆದರೆ ಆ ಹಳಿಗೆ ಹಿಂದಿನ ತಿಂಗಳುಗಳಲ್ಲಿ ಎಷ್ಟು ತಾಸು ಬೇಡಿದ್ದರು, ಎಷ್ಟು ತಾಸು ಸಿಕ್ಕಿತ್ತು ಎಂಬುದೂ ಅಷ್ಟೇ ದೊಡ್ಡ ಪ್ರಶ್ನೆ.

ಇದು ಒಬ್ಬ ನಿವೃತ್ತರ ಅನುಭವ ಮಾತ್ರವಲ್ಲ. 2022ರ ಕೊನೆಯಲ್ಲಿ ಸಂಸತ್ತಿನ ಮುಂದೆ ಬಂದ ಮಹಾಲೇಖಪಾಲರ ವರದಿ 2017–18ರಿಂದ 2020–21ರವರೆಗಿನ ಹಳಿತಪ್ಪಿದ ಪ್ರಕರಣಗಳನ್ನು ಪರಿಶೀಲಿಸಿತ್ತು. ಎಂಜಿನಿಯರಿಂಗ್ ವಿಭಾಗಕ್ಕೆ ಸೇರಿದ 422 ಪ್ರಕರಣಗಳಲ್ಲಿ 171ಕ್ಕೆ ಹಳಿಯ ನಿರ್ವಹಣೆಯೇ ಕಾರಣ. ಹಳಿಯ ಸ್ಥಿತಿ ಅಳೆಯುವ ವಿಶೇಷ ಗಾಡಿಗಳ ತಪಾಸಣೆಯಲ್ಲಿ ಶೇಕಡಾ 30ರಿಂದ 100ರವರೆಗೆ ಕೊರತೆ. ನೂರಕ್ಕೆ ನೂರು ಕೊರತೆ ಎಂದರೆ ಅಲ್ಲಿ ತಪಾಸಣೆಯೇ ನಡೆದಿಲ್ಲ. ಹಳಿ ಬದಲಿಸಲು ಕೊಟ್ಟ ಹಣ 2018–19ರಲ್ಲಿ ಸುಮಾರು 9,607 ಕೋಟಿ ಇದ್ದದ್ದು ಮರುವರ್ಷ 7,417 ಕೋಟಿಗೆ ಇಳಿದಿತ್ತು. ಸುರಕ್ಷತೆಗೆಂದೇ 2017ರಲ್ಲಿ ಒಂದು ಲಕ್ಷ ಕೋಟಿಯ ನಿಧಿ ಘೋಷಿಸಿದ ಮೇಲಿನ ಕಥೆ ಇದು. ನನಗೆ ಇದನ್ನು ಓದಿದಾಗ ಬಂದ ಸಿಟ್ಟು ಇನ್ನೂ ಇಳಿದಿಲ್ಲ.

ಶಹಾಪುರ ಬಂತು. ಊರ ಹಿಂದಿನ ಗುಡ್ಡಸಾಲು ಮಲಗಿದ ಬುದ್ಧನಂತೆ ಕಾಣುತ್ತದೆಂದು ಎಲ್ಲರೂ ಹೇಳುತ್ತಾರೆ. ರಸ್ತೆಯ ಒಂದು ತಿರುವಿನಲ್ಲಿ ನನಗೂ ಹಣೆ, ಮೂಗು, ಎದೆ ಸ್ಪಷ್ಟವಾಗಿ ಕಂಡವು. ಬಸ್ ನಿಲ್ದಾಣದ ಎದುರಿನ ಖಾನಾವಳಿಯಲ್ಲಿ ಬಿಸಿ ಜೋಳದ ರೊಟ್ಟಿ, ಪುಂಡಿಪಲ್ಯ, ಶೇಂಗಾ ಹಿಂಡಿ. ಬೆಳಿಗ್ಗೆ ನನ್ನ ರೈಲಿನಲ್ಲೇ ಬಂದಿದ್ದ ಒಂದು ಕುಟುಂಬ ಪಕ್ಕದ ಮೇಜಿನಲ್ಲಿತ್ತು. ಟಿಕೆಟ್ ಇಟ್ಟುಕೊಂಡಿದ್ದೀಯೇನವ್ವಾ ಎಂದೆ. “ಇಳಿದ ಮ್ಯಾಲ ಅದ್ಯಾಕ್ರೀ ಯಣ್ಣಾ, ಅಲ್ಲೇ ಒಗದೆ,” ಎಂದಳು ಆ ಹೆಣ್ಣುಮಗಳು.

ಅಪಘಾತವಾದರೆ ಆ ಚೀಟಿಗೇ ಬೆಲೆ. ರೈಲ್ವೆ ಕಾಯ್ದೆಯ ಪ್ರಕಾರ ರೈಲು ಅಪಘಾತದಲ್ಲಿ ಸತ್ತವರ ಕುಟುಂಬಕ್ಕೆ ಎಂಟು ಲಕ್ಷ ರೂಪಾಯಿ ಪರಿಹಾರ, ತಪ್ಪು ಯಾರದೆಂದು ಕುಟುಂಬ ಸಾಬೀತು ಮಾಡಬೇಕಿಲ್ಲ. ಟಿಕೆಟ್ ಸಿಗಲಿಲ್ಲವೆಂಬ ಒಂದೇ ಕಾರಣಕ್ಕೆ ಅರ್ಜಿ ತಳ್ಳಿಹಾಕುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2018ರಲ್ಲಿ ರೀನಾ ದೇವಿ ಪ್ರಕರಣದಲ್ಲಿ ಹೇಳಿದೆ. ಆದರೂ ಪ್ರಮಾಣಪತ್ರ ಸಲ್ಲಿಸಿ ರೈಲ್ವೆ ನ್ಯಾಯಮಂಡಳಿಯ ಬಾಗಿಲಿಗೆ ಅಲೆಯಬೇಕು. ಅದೂ ಒಂದು ವರ್ಷದೊಳಗೆ ಅರ್ಜಿ ಹಾಕಬೇಕು. ಗುಳೆ ಹೋಗುವ ಕುಟುಂಬಕ್ಕೆ ಇದನ್ನೆಲ್ಲ ಹೇಳುವವರು ಯಾರು?

ಹಳಿ ನೋಡಿಕೊಳ್ಳುವ ಕೆಲಸ ಖಾಸಗಿಯವರಿಗೆ ಕೊಟ್ಟರೆ ಎಲ್ಲ ಸರಿಹೋಗುತ್ತದೆ ಎಂದು ಅದೇ ಖಾನಾವಳಿಯಲ್ಲಿ ಒಬ್ಬರು ವಾದಿಸಿದರು. ನಾನು ಇಂಗ್ಲೆಂಡಿನ ಹ್ಯಾಟ್‌ಫೀಲ್ಡ್ ಕಥೆ ಹೇಳಿದೆ. ಅಲ್ಲಿ ಹಳಿಗಳು ರೈಲ್‌ಟ್ರ್ಯಾಕ್ ಎಂಬ ಖಾಸಗಿ ಕಂಪನಿಯವು, ನಿರ್ವಹಣೆ ಬಾಲ್ಫೋರ್ ಬೀಟಿ ಎಂಬ ಗುತ್ತಿಗೆದಾರರದು. ಒಂದು ತಿರುವಿನ ಹಳಿಯಲ್ಲಿ ಬಿರುಕು ಬಿಟ್ಟದ್ದು ಇಬ್ಬರಿಗೂ ಮೊದಲೇ ಗೊತ್ತಿತ್ತು. ಬದಲಿ ಹಳಿ ಬಂದು ಪಕ್ಕದಲ್ಲೇ ತಿಂಗಳುಗಟ್ಟಲೆ ಬಿದ್ದಿತ್ತು, ಕೂರಿಸುವ ಹೊತ್ತು ಬರಲಿಲ್ಲ. 2000ದ ಅಕ್ಟೋಬರ್ 17ರಂದು ಆ ಹಳಿ ನೂರಾರು ಚೂರಾಗಿ ನಾಲ್ವರು ಸತ್ತರು. ಮರುವರ್ಷ ರೈಲ್‌ಟ್ರ್ಯಾಕ್ ಮುಳುಗಿತು. 2005ರಲ್ಲಿ ನ್ಯಾಯಾಲಯ ಕಂಪನಿಗಳಿಗೆ ಕೋಟಿಗಟ್ಟಲೆ ದಂಡ ಹಾಕಿತು. ಮಾಲೀಕ ಸರ್ಕಾರವಿರಲಿ, ಕಂಪನಿಯಿರಲಿ, ಮುಂದೂಡಿದ ಕೆಲಸದ ಲೆಕ್ಕ ಜನರ ಕಣ್ಣಿಗೆ ಬೀಳದಿದ್ದರೆ ಫಲ ಒಂದೇ.

ಮಧ್ಯಾಹ್ನದ ಬಿಸಿಲಲ್ಲಿ ಸುರಪುರದ ಬಸ್ಸು. ಹತ್ತಿ ಕಿತ್ತ ಕರಿಹೊಲಗಳು, ಕಾಲುವೆ ಇದ್ದ ಕಡೆ ಹಸಿರು ಭತ್ತ. ಸುರಪುರದಲ್ಲಿ ಗುಡ್ಡ ಹತ್ತಿ ಟೇಲರ್ ಮಂಜಿಲ್ ನೋಡಿದೆ. ದೊರೆ ಇನ್ನೂ ಬಾಲಕನಾಗಿದ್ದ ಕಾಲದಲ್ಲಿ ಸಂಸ್ಥಾನದ ಆಡಳಿತ ನೋಡಿಕೊಂಡ ಮೆಡೋಸ್ ಟೇಲರ್ ಇದ್ದ ಮನೆ. ಅವನು ಬಿಟ್ಟುಹೋದ ನಂತರ, 1858ರಲ್ಲಿ ರಾಜಾ ವೆಂಕಟಪ್ಪ ನಾಯಕನ ಬಂಡಾಯ ಮುರಿದುಬಿದ್ದು, ಮುಂದೆ ಈ ನೆಲ ನಿಜಾಮನ ಕೈಸೇರಿತು.

ಅದೇ ನಿಜಾಮನ ರಾಜ್ಯದಲ್ಲಿ ನಡೆದ ಒಂದು ಘಟನೆ ನಮ್ಮ ಶಾಲೆಯ ಪಾಠಗಳಲ್ಲಿ ಇಲ್ಲ, ಇರಬೇಕಿತ್ತು. ವಾಡಿಯಿಂದ ಸಿಕಂದರಾಬಾದಿಗೆ 1874ರಲ್ಲಿ ರೈಲು ಬಂತು. 1883ರಲ್ಲಿ ಅದನ್ನು ಚಾಂದಾವರೆಗೆ ಬೆಳೆಸುವ ಒಪ್ಪಂದಕ್ಕೆ ಸರ್ಕಾರ ಹೊರಟಾಗ ಹೈದರಾಬಾದಿನ ಕೆಲವರು ಸಭೆ ಸೇರಿ, ಷರತ್ತುಗಳನ್ನು ಮೊದಲು ಜನರ ಮುಂದಿಡಿ ಎಂದು ಕೇಳಿದರು. ಅವರಲ್ಲಿ ಮುಖ್ಯರಾದವರು ಅಘೋರನಾಥ ಚಟ್ಟೋಪಾಧ್ಯಾಯ, ಸರೋಜಿನಿ ನಾಯ್ಡು ಅವರ ತಂದೆ. ಸರ್ಕಾರ ಅವರನ್ನು ಗಡಿಪಾರು ಮಾಡಿತು. ರೈಲಿನ ಕಾಗದ ತೋರಿಸಿ ಎಂದು ಕೇಳಿದ್ದಕ್ಕೆ ಈ ಶಿಕ್ಷೆ.

ಇಂದು ಯಾರೂ ಗಡಿಪಾರು ಮಾಡುವುದಿಲ್ಲ. ಆದರೆ ಕಾಗದ ಈಗಲೂ ಹೊರಬರುವುದಿಲ್ಲ. 2023ರ ಫೆಬ್ರವರಿ 8ರಂದು ನಮ್ಮ ಹೊಸದುರ್ಗ ರೋಡ್ ನಿಲ್ದಾಣದಲ್ಲಿ ಸಿಗ್ನಲ್ ಒಂದು ಹಳಿಗೆ, ದಾರಿ ಇನ್ನೊಂದು ಹಳಿಗೆ ಆಗಿ ಸಂಪರ್ಕ ಕ್ರಾಂತಿ ಎಕ್ಸ್‌ಪ್ರೆಸ್ ತಪ್ಪು ಹಳಿಗೆ ನುಗ್ಗುವುದರಲ್ಲಿತ್ತು. ಚಾಲಕನ ಎಚ್ಚರದಿಂದ ಉಳಿಯಿತು. ನೈಋತ್ಯ ರೈಲ್ವೆಯ ಹಿರಿಯ ಅಧಿಕಾರಿಯೊಬ್ಬರು ಮರುದಿನವೇ, ಇದನ್ನು ಸರಿಪಡಿಸದಿದ್ದರೆ ದೊಡ್ಡ ಅನಾಹುತವಾದೀತೆಂದು ಬರೆದರು. ಆ ಪತ್ರ ನಮಗೆ ತಿಳಿದದ್ದು ಅಂಥದ್ದೇ ಸಿಗ್ನಲ್ ದೋಷದಿಂದ ಜೂನ್ 2ರಂದು ಒಡಿಶಾದ ಬಾಲಸೋರ್‌ನಲ್ಲಿ ದುರಂತವಾದ ನಂತರ. ಅಲ್ಲಿ 290ಕ್ಕೂ ಹೆಚ್ಚು ಜನ ಸತ್ತಿದ್ದರು; ಡಿಕ್ಕಿಗೆ ಸಿಕ್ಕ ಗಾಡಿಗಳಲ್ಲಿ ಒಂದು ಬೆಂಗಳೂರಿನಿಂದ ಹೌರಾಕ್ಕೆ ಹೊರಟದ್ದು. ಸಿಬಿಐ ಬಂಧಿಸಿದ್ದು ಸ್ಥಳೀಯ ಮಟ್ಟದ ಮೂವರು ಸಿಬ್ಬಂದಿಯನ್ನು. ಮೇಲಿನವರನ್ನೂ ಪ್ರಶ್ನಿಸಬಲ್ಲವರು ಬೇಕೆಂಬುದು ಹೊಸ ಮಾತಲ್ಲ: ರೈಲ್ವೆ ಸುರಕ್ಷತೆಯನ್ನು ಪರಿಶೀಲಿಸಿದ ಅನಿಲ್ ಕಾಕೋಡ್ಕರ್ ಸಮಿತಿ 2012ರಲ್ಲೇ ರೈಲ್ವೆ ಮಂಡಳಿಯಿಂದ ಬೇರೆಯಾದ, ಕಾನೂನಿನ ಬಲವುಳ್ಳ ಸುರಕ್ಷತಾ ಪ್ರಾಧಿಕಾರ ಬೇಕೆಂದಿತ್ತು.

ಮೇಲಿನವರು ಹೊಣೆ ಹೊತ್ತದ್ದೂ ಉಂಟು. 1956ರ ಸೆಪ್ಟೆಂಬರಿನಲ್ಲಿ ಇಲ್ಲಿಗೆ ದೂರವಲ್ಲದ ಮಹಬೂಬ್‌ನಗರದ ಬಳಿ ಸೇತುವೆ ಕುಸಿದು ನೂರಕ್ಕೂ ಹೆಚ್ಚು ಜನ ಸತ್ತಾಗ ಅಂದಿನ ರೈಲ್ವೆ ಸಚಿವ ಲಾಲ್ ಬಹಾದ್ದೂರ್ ಶಾಸ್ತ್ರಿ ರಾಜೀನಾಮೆ ಕೊಡಲು ಮುಂದಾದರು. ನವೆಂಬರಿನಲ್ಲಿ ಅರಿಯಲೂರು ದುರಂತವಾದ ಮೇಲೆ ಕೊಟ್ಟೇಬಿಟ್ಟರು. ಆ ದೊಡ್ಡತನಕ್ಕೆ ನಾನು ತಲೆಬಾಗುತ್ತೇನೆ. ಆದರೂ ಸಚಿವರ ರಾಜೀನಾಮೆಗಿಂತ ಆ ಸೇತುವೆಯನ್ನು ಕೊನೆಗೆ ಯಾವಾಗ ಪರೀಕ್ಷಿಸಿದ್ದರು ಎಂಬ ಒಂದು ಸಾಲು ಜನರಿಗೆ ಹೆಚ್ಚು ಉಪಯೋಗ.

ಸಂಜೆ ಪರಿಚಯದ ಉಪನ್ಯಾಸಕರ ಮನೆಯ ಕಟ್ಟೆಯ ಮೇಲೆ ಕೆಲವು ರೈತರು ಸೇರಿದರು. ಗದಗ–ವಾಡಿ ಮಾರ್ಗ ಸುಮಾರು 250 ಕಿಲೋಮೀಟರ್. ವೆಚ್ಚದ ಅರ್ಧ ಮತ್ತು ಇಡೀ ಭೂಮಿ ಕರ್ನಾಟಕದ್ದು. ಕುಷ್ಟಗಿವರೆಗೆ 2025ರಲ್ಲಿ ರೈಲು ಬಂದಿದೆ. ಅರ್ಧ ಹಣ ನಮ್ಮದಾದ ಮೇಲೆ ಲೆಕ್ಕ ಕೇಳುವ ಹಕ್ಕು ಇನ್ನಷ್ಟು ಗಟ್ಟಿ ಎಂದೆ. ಅವರಲ್ಲೊಬ್ಬ ರೈತ ಕೂಡಲೇ ಹಿಡಿದುಕೊಂಡ: “ಭೂಮಿ ತಗೋಳಾಗ ಗುಂಟಿ ಗುಂಟಿ ಅಳದು ಬರಕೋತಾರ್ರೀ. ಹಳಿ ಎಷ್ಟ್ ಸವದದ ಅಂತ ಅಳದು ನಮಗ ಹೇಳ್ಲಾಕ ಏನಾಗ್ತದ?”

ಅಲ್ಲೇ ಕೂತು ಮಾಹಿತಿ ಹಕ್ಕಿನ ಅರ್ಜಿ ಬರೆದೆವು, ಮೊದಲಿಗೆ ಈಗ ಓಡುತ್ತಿರುವ ವಾಡಿ–ರಾಯಚೂರು ಹಳಿಯ ಬಗ್ಗೆ. ಕಳೆದ ವರ್ಷ ದುರಸ್ತಿಗೆ ಕೇಳಿದ ಬ್ಲಾಕ್ ಎಷ್ಟು ತಾಸು, ಸಿಕ್ಕದ್ದು ಎಷ್ಟು? ಬದಲಿಸಬೇಕಾಗಿದ್ದೂ ಬದಲಿಸದೆ ಉಳಿದ ಹಳಿ ಎಷ್ಟು ಕಿಲೋಮೀಟರ್, ಮುಂದೂಡಲು ಸಹಿ ಹಾಕಿದ ಅಧಿಕಾರಿಯ ಹುದ್ದೆ ಯಾವುದು? ಅಲ್ಟ್ರಾಸೋನಿಕ್ ಪರೀಕ್ಷೆ ಕೊನೆಗೆ ನಡೆದ ದಿನಾಂಕ ಯಾವುದು? ಖಾಲಿ ಇರುವ ಗ್ಯಾಂಗ್‌ಮನ್ ಹುದ್ದೆಗಳು ಎಷ್ಟು? ಉತ್ತರ ಬಂದರೆ ಯಾದಗಿರಿ ನಿಲ್ದಾಣದ ಹೊರಗೆ ಕನ್ನಡದಲ್ಲಿ ಅಂಟಿಸುವುದು ಉಪನ್ಯಾಸಕರ ಹೊಣೆ. ಬರದಿದ್ದರೆ ಮೂವತ್ತು ದಿನ ಕಳೆದ ಮೇಲೆ ಮೇಲ್ಮನವಿ. ಅದಕ್ಕೆ ನಾನೂ ಆ ರೈತನೂ ಸಹಿ ಹಾಕುವುದೆಂದು ಒಪ್ಪಿದೆವು.