ಓಲೆ ಹೊರಟಿತು, ಮುಟ್ಟಿತೆ?

ಕಾಗದ ಹಾಕಿದ ಮಾತ್ರಕ್ಕೆ ಅದು ಮುಟ್ಟಿತೆಂದಲ್ಲ ಎಂಬುದು ಹಿಂದಿನವರಿಗೆ ಚೆನ್ನಾಗಿ ತಿಳಿದಿತ್ತು. ಮುಖ್ಯವಾದ ಪತ್ರವನ್ನು ರಿಜಿಸ್ಟರ್ ಮಾಡಿಸಿ, ಜೊತೆಗೆ ಸ್ವೀಕೃತಿಯ ಕಾರ್ಡೊಂದನ್ನು ಲಗತ್ತಿಸಿ, ಆ ಕಾರ್ಡು ರುಜುವಿನೊಡನೆ ಹಿಂದಿರುಗುವವರೆಗೆ ಅವರಿಗೆ ನೆಮ್ಮದಿಯಿರುತ್ತಿರಲಿಲ್ಲ. ಇ-ಮೇಲಿನ ಕಾಲದಲ್ಲಿ ಆ ಆತಂಕ ಅಳಿಸಿಹೋಗಿದೆ. ಗುಂಡಿಯೊತ್ತಿದೊಡನೆ "ಕಳುಹಿಸಲಾಗಿದೆ" ಎಂಬ ಅಕ್ಷರಗಳು ಪರದೆಯ ಮೇಲೆ ಮೂಡುತ್ತವೆ. ಅದನ್ನೇ ನಂಬಿ ಮನುಷ್ಯ ಊಟಕ್ಕೇಳುತ್ತಾನೆ.

ಕೈಯಾರೆ ಬರೆದ ಪತ್ರದ ಮಾತು ಹಾಗಿರಲಿ. ಉತ್ತರ ಬಾರದಿದ್ದರೆ ಬರೆದವನು ಇನ್ನೊಮ್ಮೆ ವಿಚಾರಿಸಿಯಾನು. ಕಂಪ್ಯೂಟರಿನ ಪ್ರೋಗ್ರಾಮೊಂದು ಇನ್ನೂರು ಮುನ್ನೂರು ಮಂದಿಗೆ ಸಾಲಾಗಿ ಓಲೆ ಹಾಕುವಾಗ ಉತ್ತರಕ್ಕೆ ಕಾಯುವವರು ಯಾರೂ ಇಲ್ಲ.

ಈ ಅಂಚೆಯ ಕ್ರಮವನ್ನು 1982ರಲ್ಲಿ ಅಮೆರಿಕದ ಜಾನ್ ಪೋಸ್ಟೆಲ್ ಬರೆದಿಟ್ಟರು. ಎಸ್‌ಎಂಟಿಪಿ ಎಂದು ಅದರ ಹೆಸರು. ಎರಡು ಯಂತ್ರಗಳ ನಡುವಣ ಈ ವ್ಯವಹಾರ ಸಂಭಾವಿತರ ಸಂಭಾಷಣೆಯಂತಿದೆ: ಮೊದಲು ನಮಸ್ಕಾರ, ಆಮೇಲೆ ಯಾರಿಂದ, ಯಾರಿಗೆ ಎಂಬ ವಿಚಾರಣೆ, ಕೊನೆಗೆ ಬೀಳ್ಕೊಡುಗೆ. ಪ್ರತಿ ಮಾತಿಗೂ ಎದುರಿನ ಯಂತ್ರ ಮೂರಂಕಿಯ ಸಂಖ್ಯೆಯೊಂದಿಗೆ ಉತ್ತರ ಕೊಡಬೇಕು. 2ರಿಂದ ಮೊದಲಾದರೆ ಒಪ್ಪಿಗೆ. 4ರಿಂದಾದರೆ "ಈಗ ಆಗದು, ಆಮೇಲೆ ಬಾ". 5ರಿಂದಾದರೆ "ಸಾಧ್ಯವೇ ಇಲ್ಲ". ಇಷ್ಟು ಸಾಲದೆಂದು 1996ರಲ್ಲಿ ಚುಕ್ಕೆಯಿಟ್ಟ ಇನ್ನೊಂದು ಸಂಖ್ಯೆಯೂ ಬಂದಿತು. 5.1.1 ಎಂದರೆ ಅಂಥ ವಿಳಾಸವೇ ಇಲ್ಲ, 4.2.2 ಎಂದರೆ ಪೆಟ್ಟಿಗೆ ತುಂಬಿದೆ, 5.7.1 ಎಂದರೆ ಅಪ್ಪಣೆಯಿಲ್ಲ. ನಾಡಿ ಹಿಡಿದ ವೈದ್ಯನೂ ಇಷ್ಟು ಖಚಿತವಾಗಿ ರೋಗ ಹೇಳಲಾರ.

ಹೇಳುವವರು ಹೇಳಿದರೂ ಕೇಳಿಸಿಕೊಳ್ಳುವವರು ಬೇಕಷ್ಟೆ! ಪೈಥಾನ್ ಭಾಷೆಯಲ್ಲಿ ಸೆಂಡ್‌ಮೇಲ್ ಎಂಬ ಆಜ್ಞೆಯುಂಟು. ಒಂದೇ ಪತ್ರ ಹಲವರಿಗೆ ಹೋಗುವಾಗ ಒಬ್ಬರಾದರೂ ಅಂಗೀಕೃತರಾದರೆ ಅದು ಗದ್ದಲವೆಬ್ಬಿಸದು. ತಿರಸ್ಕೃತರ ಪಟ್ಟಿಯನ್ನು ಸಂಖ್ಯೆ ಮತ್ತು ಕಾರಣಗಳೊಡನೆ ಮೌನವಾಗಿ ಮುಂದೆ ಚಾಚುತ್ತದೆ. ಪ್ರೋಗ್ರಾಮು ಬರೆದವನು ಕೈನೀಡದಿದ್ದರೆ ಆ ಪಟ್ಟಿ ಗಾಳಿಗೆ ಹೋಯಿತು. ಎಲ್ಲರೂ ತಿರಸ್ಕೃತರಾದಾಗ ಗದ್ದಲವೇಳುವುದೇನೋ ನಿಜ. ಅದನ್ನೂ ಅದುಮಿ ಮುಂದೆ ಸಾಗುವ ಜಾಣರಿದ್ದಾರೆ. ಇನ್ನು, ಒಪ್ಪಿಗೆಯ 250ರೊಡನೆ ಎದುರಿನ ಯಂತ್ರ ಅನೇಕ ವೇಳೆ ಕೊಡುವ ಸರತಿಯ ಗುರುತನ್ನಂತೂ ಈ ಆಜ್ಞೆ ಎಸೆದೇಬಿಡುತ್ತದೆ. ಅದು ಬೇಕಾದವನು ಮೇಲ್, ಆರ್‌ಸಿಪಿಟಿ, ಡೇಟಾ ಎಂಬ ಹೆಜ್ಜೆಗಳನ್ನು ತಾನೇ ಒಂದೊಂದಾಗಿ ಇಟ್ಟು, ಬಂದ ಉತ್ತರಗಳನ್ನು ಕಡತದಲ್ಲಿ ಬರೆದಿಡಬೇಕು. ಹತ್ತು ಸಾಲಿನ ಕೆಲಸ. ಯಾರು ಮಾಡುತ್ತಾರೆ?

ಕಾಲೇಜೊಂದರ ಕಛೇರಿಯ ಕಿಟಕಿಯ ಮುಂದೆ ತಂದೆಯೊಬ್ಬ ನಿಂತಿದ್ದಾನೆಂದು ಭಾವಿಸಿ. ಮಗಳ ಪ್ರವೇಶಪತ್ರ ಬರಲಿಲ್ಲ. ಹಣ ಕಟ್ಟುವ ಗಡುವು ನಿನ್ನೆಗೇ ಮುಗಿಯಿತು. ಗುಮಾಸ್ತನು ಪರದೆಯನ್ನು ತಿರುಗಿಸಿ "ಕಳುಹಿಸಿದ್ದೇವೆ, ನೋಡಿ" ಎನ್ನುತ್ತಾನೆ. ಪಾಪ, ಇಬ್ಬರೂ ಸತ್ಯವಂತರೇ. ಸರತಿಯ ಗುರುತಿದ್ದಿದ್ದರೆ ಎದುರಿನ ಅಂಚೆಯವರನ್ನು ಇಂಥ ಪತ್ರ ಏನಾಯಿತೆಂದು ಕೇಳಬಹುದಾಗಿತ್ತು. 450 ಎಂದು ಬರೆದಿದ್ದರೆ ಅರ್ಧ ಗಂಟೆ ಬಿಟ್ಟು ಮತ್ತೆ ಪ್ರಯತ್ನಿಸಬಹುದಾಗಿತ್ತು. 550 ಎಂದಿದ್ದರೆ ಆ ದಿನವೇ ಮನೆಗೆ ಟೆಲಿಫೋನ್ ಮಾಡಬಹುದಾಗಿತ್ತು. ವಿಳಾಸದಲ್ಲಿ ಒಂದಕ್ಷರ ತಪ್ಪಿದ್ದಕ್ಕೆ ಹುಡುಗಿಯ ಒಂದು ವರ್ಷ ದಂಡವೆ?

250 ಬಂದರೂ ಕಥೆ ಮುಗಿಯಲಿಲ್ಲ. "ಇನ್ನು ಹೊಣೆ ನನ್ನದು" ಎಂದಷ್ಟೇ ಅದರ ಅರ್ಥ. ಹೊಣೆ ಹೊತ್ತ ಯಂತ್ರ ನಾಲ್ಕೈದು ದಿನ ಅಲೆದು, ಸೋತು, ಆಮೇಲೆ ವರದಿ ಕಳುಹಿಸುವುದುಂಟು. ಆ ವರದಿಯ ರಚನೆ ಮೆಚ್ಚತಕ್ಕದ್ದು: ಮೊದಲ ಭಾಗ ಮನುಷ್ಯರು ಓದುವುದಕ್ಕೆ, ಎರಡನೆಯದು ಯಂತ್ರ ಓದುವುದಕ್ಕೆ. ಯಾರಿಗೆ ಹೋಗಬೇಕಿತ್ತು, ಸೋತಿತೋ ತಡವಾಯಿತೋ, ಕಾರಣದ ಸಂಖ್ಯೆ ಯಾವುದು ಎಂಬುದೆಲ್ಲ ಅಲ್ಲಿ ಸಾಲುಸಾಲಾಗಿ ಇರುತ್ತದೆ. ಈ ವರದಿಗೆ ಕಳುಹಿಸಿದವರ ವಿಳಾಸವಿರುವುದಿಲ್ಲ, ಖಾಲಿ ಬಿಟ್ಟಿರುತ್ತಾರೆ. ವರದಿಯೇ ಮುಟ್ಟದೆ ಹೋದರೆ ಅದರ ಮೇಲೊಂದು ವರದಿ, ಅದರ ಮೇಲೆ ಇನ್ನೊಂದು ಎಂದು ಎರಡು ಯಂತ್ರಗಳು ಕೊನೆಯಿಲ್ಲದೆ ಕಾಗದವಾಡಬಾರದಲ್ಲ!

ಆದರೆ ಆ ವರದಿ ಬಂದು ಸೇರುವ ಪೆಟ್ಟಿಗೆ ಯಾವುದು? "ನೋ-ರಿಪ್ಲೈ", ಅಂದರೆ ಉತ್ತರಿಸಬೇಡಿ, ಎಂದು ಹೆಸರಿಟ್ಟು ಯಾರೂ ತೆರೆಯದ ಪೆಟ್ಟಿಗೆಯೊಂದನ್ನೇ ಅನೇಕ ಕಛೇರಿಗಳು ಅದಕ್ಕೆ ಗೊತ್ತುಮಾಡಿರುತ್ತವೆ. ಹುಡುಗಿಯ ಪತ್ರದ ಸಮಾಚಾರ, ಕಾರಣಸಹಿತವಾಗಿ, ಪ್ರಾಯಶಃ ಅಲ್ಲಿಯೇ ಬಿದ್ದಿದೆ.