ಗಡಿಯಾರಕ್ಕೆ ರಜೆ

ನಮ್ಮ ಮನೆಯಲ್ಲಿ ಏಳು ಕೈಗಡಿಯಾರಗಳಿವೆ. ಇಷ್ಟಿದ್ದೂ ಕಳೆದ ಆಷಾಢದಲ್ಲಿ ನಾನು ಎಂಟನೆಯದೊಂದನ್ನು ಕೊಂಡುತಂದೆ. ಈ ಸಂಗತಿಯನ್ನು ಹೀಗೆ ಬಿಚ್ಚಿ ಹೇಳಿದಾಗ ಕೇಳಿದವರು ನನ್ನನ್ನು ದುಂದುಗಾರನೆಂದೋ ಬುದ್ಧಿ ಸ್ಥಿಮಿತದಲ್ಲಿಲ್ಲದವನೆಂದೋ ಬಗೆಯುವುದು ಸಹಜ. ನನ್ನಾಕೆ ಎರಡನ್ನೂ ಬಗೆದಳು. "ಕಟ್ಟಿಕೊಳ್ಳುವ ಕೈ ಒಂದು, ಗಡಿಯಾರ ಎಂಟು. ಹೋಗಲಿ, ಆಷಾಢ ಕಳೆಯುವವರೆಗಾದರೂ ತಡೆಯಬಾರದಾಗಿತ್ತೆ?" ಎಂದಳು. ಆಷಾಢದಲ್ಲಿ ಅಂಗಡಿಯವರು ರಿಯಾಯಿತಿ ಕೊಡುತ್ತಾರೆಂಬ ನನ್ನ ಅರ್ಥಶಾಸ್ತ್ರ ಆಕೆಯ ಧರ್ಮಶಾಸ್ತ್ರದ ಮುಂದೆ ನಿಲ್ಲಲಿಲ್ಲ. ಇನ್ನು, ಎಂಟನೆಯದನ್ನು ತಂದುದೇ ಮೊದಲಿನ ಏಳನ್ನು ಉಳಿಸಿಕೊಳ್ಳುವುದಕ್ಕಾಗಿ ಎಂಬ ನನ್ನ ವಾದವನ್ನಂತೂ ಆಕೆ ಪೂರ್ತಿ ಕೇಳುವ ಮೊದಲೇ ಒಳಗೆ ಕುಕ್ಕರು ಕೂಗಿತು. ಅರ್ಧಕ್ಕೆ ನಿಂತ ಆ ವಾದವನ್ನು ಇಲ್ಲಿ ಪೂರ್ಣಗೊಳಿಸಲು ಓದುಗರು ಅಪ್ಪಣೆ ಕೊಡಬೇಕು.

ಏಳರಲ್ಲಿ ಹಿರಿಯದು ನಮ್ಮ ತಾತನವರದು, ವೆಸ್ಟ್ ಎಂಡ್ ಕಂಪನಿಯ 'ಸೋವಾರ್ ಪ್ರೈಮಾ'. ಸೋವಾರ್ ಎಂದರೆ ನಮ್ಮ ಸವಾರನೇ. ಸ್ವಿಟ್ಜರ್ಲೆಂಡಿನಲ್ಲಿ ಹುಟ್ಟಿ, ಬ್ರಿಟಿಷರ ಕಾಲದಲ್ಲಿ ಇಲ್ಲಿನ ಸೈನಿಕರ, ರೈಲ್ವೆ ನೌಕರರ ಕೈಗಳಲ್ಲಿ ಬಾಳಿದ ಮನೆತನ ಅದರದು. ನಮ್ಮ ತಾತನವರಾದರೋ ಕುದುರೆಯಿರಲಿ, ಸೈಕಲ್ಲನ್ನು ಕೂಡ ಏರಿದವರಲ್ಲ. ಎರಡನೆಯದು ದೊಡ್ಡಪ್ಪನವರ ಎಚ್.ಎಂ.ಟಿ. ಪೈಲಟ್, ಕಪ್ಪು ಮುಖದ್ದು. ಮೂರನೆಯದು ಸೋದರಮಾವನಿಗೆ ಮದುವೆಯಲ್ಲಿ ಬಂದ ಹೊಂಬಣ್ಣದ ಕಾಂಚನ್. ಕಾಂಚನ್ ಬಾರದೆ ಹಸೆಮಣೆ ಏರೆವೆಂದು ಮುನಿದು ಕುಳಿತ ವರಮಹಾಶಯರ ಕಥೆಗಳನ್ನು ಹಿರಿಯರ ಬಾಯಲ್ಲಿ ಬೇಕಾದಷ್ಟು ಕೇಳಿದ್ದೇನೆ. ನಾಲ್ಕನೆಯದು ನನ್ನ ತಾಯಿಯವರದು, ನಾಲ್ಕಾಣೆಯ ಬಿಲ್ಲೆಯಷ್ಟಗಲ. ಅವರು ತೀರಿಕೊಂಡ ಮೇಲೆ ಅದಕ್ಕೆ ಕೀ ಕೊಡಲು ಯಾರಿಗೂ ಮನಸ್ಸು ಬಂದಿರಲಿಲ್ಲ. ಇನ್ನೆರಡು, ಬಿ.ವಿ.ಕೆ. ಅಯ್ಯಂಗಾರ್ ರಸ್ತೆಯ ಭಾನುವಾರದ ಬಜಾರಿನಲ್ಲಿ ನಾನೇ ಕೊಂಡ ಅನಾಥಶಿಶುಗಳು. ಏಳನೆಯದೇ ನನ್ನ ತಂದೆಯವರ ಎಚ್.ಎಂ.ಟಿ. ಜನತಾ.

ಇವುಗಳಲ್ಲಿ ಹೆಚ್ಚಿನವು ಬೆಂಗಳೂರಿನವೇ ಎಂಬುದು ನನಗೊಂದು ಅಭಿಮಾನ. ಯಂತ್ರಗಳನ್ನು ಮಾಡುವ ಯಂತ್ರಗಳಿಗಾಗಿ 1953ರಲ್ಲಿ ಹುಟ್ಟಿದ ಹಿಂದೂಸ್ತಾನ್ ಮೆಷಿನ್ ಟೂಲ್ಸ್ 1961ರಲ್ಲಿ ಜಪಾನಿನ ಸಿಟಿಜನ್ ಕಂಪನಿಯ ನೆರವಿನಿಂದ ಇಲ್ಲಿ ಗಡಿಯಾರದ ಕಾರ್ಖಾನೆಯನ್ನು ತೆರೆಯಿತು. ಮೊದಲ ಗಡಿಯಾರಗಳನ್ನು ಬಿಡುಗಡೆ ಮಾಡಿದವರು ಪಂಡಿತ ನೆಹರೂ ಅವರೇ. ಮುಂದೆ ತುಮಕೂರಿನಲ್ಲಿಯೂ ಕಾರ್ಖಾನೆ ಎದ್ದಿತು. ಪರೀಕ್ಷೆಯಲ್ಲಿ ತೇರ್ಗಡೆಯಾದ ಮಗನಿಗೆ, ಕೆಲಸ ಸಿಕ್ಕ ಮಗಳಿಗೆ, ನಿವೃತ್ತನಾದ ಗುಮಾಸ್ತನಿಗೆ ಕೊಡುವ ವಸ್ತು ಎಚ್.ಎಂ.ಟಿ. ಎಂದೇ ನಿಶ್ಚಯವಾಗಿದ್ದ ಕಾಲವೊಂದಿತ್ತು. ಕ್ವಾರ್ಟ್ಸ್ ಗಡಿಯಾರಗಳು ಬಂದವು, ಹೊಸೂರಿನಿಂದ ಟೈಟನ್ ಬಂದಿತು, ಗಾಳಿ ತಿರುಗಿತು. 2016ರಲ್ಲಿ ಎಚ್.ಎಂ.ಟಿ. ವಾಚಸ್ ಕಂಪನಿಯನ್ನು ಮುಚ್ಚಲು ಕೇಂದ್ರ ಸರ್ಕಾರ ಒಪ್ಪಿಗೆ ಕೊಟ್ಟಿತು. ಜಾಲಹಳ್ಳಿಯಲ್ಲಿ ಈಗ ಅದರ ವಸ್ತುಸಂಗ್ರಹಾಲಯವಿದೆ. ಅಲ್ಲಿಗೆ ಹೋಗಿದ್ದಾಗ ನನ್ನ ಏಳು ವರ್ಷದ ಮಗಳು ಗಾಜಿನ ಪೆಟ್ಟಿಗೆಯೊಳಗಿನ ಗಡಿಯಾರವನ್ನೂ ನನ್ನ ಮಣಿಕಟ್ಟನ್ನೂ ಒಂದಾದಮೇಲೊಂದರಂತೆ ನೋಡಿ, "ಅಪ್ಪ, ನಿಮ್ಮದನ್ನು ಯಾಕೆ ಹೊರಗೆ ಬಿಟ್ಟಿದ್ದಾರೆ?" ಎಂದು ಕೇಳಿದ್ದಳು.

ಆ ಜನತಾವನ್ನು ನನ್ನ ತಂದೆಯವರು 1975ರಲ್ಲಿ, ತಾಲ್ಲೂಕು ಕಚೇರಿಯಲ್ಲಿ ಗುಮಾಸ್ತರಾಗಿ ಸೇರಿದ ವರ್ಷ ಕೊಂಡರು. ಬಿಳಿಯ ಮುಖ, ಅಂಕಿಗಳ ಬದಲು ಸಣ್ಣ ಗೀಟುಗಳು, ತಾರೀಖಿಲ್ಲ, ಆಡಂಬರವಿಲ್ಲ. ಮುಂದೆ ಸುಮಾರು ನಲವತ್ತು ವರ್ಷ ಅದು ಅವರ ಕೈಬಿಡಲಿಲ್ಲ. 2014ರಲ್ಲಿ ನನಗೆ ಅಧ್ಯಾಪಕನ ಕೆಲಸವಾದಾಗ ಅದನ್ನು ಬಿಚ್ಚಿ ನನ್ನ ಕೈಗೆ ಕೊಟ್ಟು, "ದಿನಕ್ಕೆ ಎರಡು ನಿಮಿಷ ಮುಂದೆ ಓಡುತ್ತೆ. ಕ್ಲಾಸಿಗೆ ತಡವಾಗೋದಿಲ್ಲ, ಬಿಡು" ಎಂದರು. ಆಶೀರ್ವಾದವೆಂದು ಬೇರೆ ಮಾಡಿದ್ದೇನೂ ನೆನಪಿಲ್ಲ.

ಬೆಳಗ್ಗೆ ಕಾಫಿಯಾದೊಡನೆ ಗಡಿಯಾರಕ್ಕೆ ಕೀ ಕೊಡುವುದರಲ್ಲಿ ಒಂದು ಸುಖವುಂಟು. ಬೆರಳ ತುದಿಯಲ್ಲಿ ಸುರುಳಿ ಬಿಗಿಯುವುದು ತಿಳಿಯುತ್ತದೆ. ಇನ್ನು ಸಾಕೆಂದು ಅದೇ ಹೇಳುತ್ತದೆ. ಜನತಾದ ಒಳಗಿನ ತೂಗುಚಕ್ರ ಗಂಟೆಗೆ 18,000 ಸಲ ಮಿಡಿಯುತ್ತದೆ. ಒಮ್ಮೆ ಪರೀಕ್ಷಾ ಕೊಠಡಿಯ ಮೇಲ್ವಿಚಾರಣೆಯಲ್ಲಿ ಮಾಡಲು ಕೆಲಸವಿಲ್ಲದೆ ಇದನ್ನು ಇಪ್ಪತ್ತನಾಲ್ಕರಿಂದ ಗುಣಿಸಿ ನೋಡಿದೆ: 4,32,000. ಬೆಚ್ಚಿಬಿದ್ದೆ. ನಮ್ಮ ಪುರಾಣಗಳು ಕಲಿಯುಗಕ್ಕೆ ಗೊತ್ತುಮಾಡಿರುವ ವರ್ಷಗಳ ಸಂಖ್ಯೆಯೂ ಇದೇ! ಮಿಡಿತಕ್ಕೊಂದು ವರ್ಷವೆಂದರೆ, ನನ್ನ ತಂದೆಯವರ ಗಡಿಯಾರ ದಿನಕ್ಕೊಂದು ಕಲಿಯುಗವನ್ನು ಎಣಿಸಿ ಮುಗಿಸಿ, ಮರುದಿನ ಬೆಳಗ್ಗೆ ನಾನು ಕೀ ಕೊಟ್ಟೊಡನೆ ಮತ್ತೊಂದಕ್ಕೆ ಕೈಹಾಕುತ್ತದೆ. ಇದು ಬರಿಯ ಕಾಕತಾಳೀಯವೆಂದು ನಾನು ಬಲ್ಲೆ. ಆದರೂ ಅಂದು ನಕಲು ಮಾಡುತ್ತಿದ್ದ ಹುಡುಗನೊಬ್ಬ ನನ್ನ ಈ ಕಲಿಯುಗಚಿಂತನೆಯಿಂದ ಪಾರಾದನೆಂದು ಆಮೇಲೆ ತಿಳಿಯಿತು.

ಅಷ್ಟು ಸಲ ಮಿಡಿಯುವ ವಸ್ತು ಸವೆಯದಿರುವುದೆ? ಕಳೆದ ಬೇಸಿಗೆಯ ಕೊನೆಯಲ್ಲಿ ಸ್ಕೂಟರಿನಲ್ಲಿ ಬರುವಾಗ ಮಳೆಗೆ ಸಿಕ್ಕಿದೆ. ಮನೆ ಸೇರುವಷ್ಟರಲ್ಲಿ ಗಾಜಿನೊಳಗೆ ಮಂಜು ಕಟ್ಟಿತ್ತು. ಮರುದಿನ ಗಡಿಯಾರ ನಿಂತಿತು. ಚಿಕ್ಕಪೇಟೆಯ ಓಣಿಯೊಂದರಲ್ಲಿ ಬೀರುವಿನಷ್ಟೇ ಅಗಲದ ಅಂಗಡಿಯಲ್ಲಿ ಕುಳಿತಿರುವ ವೃದ್ಧ ರಿಪೇರಿಯವರೊಬ್ಬರಿದ್ದಾರೆ. ಅವರು ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು, ಹಿಂಬದಿಯ ಮುಚ್ಚಳ ತೆಗೆದು, ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ, "ಮೇಷ್ಟ್ರಾ ತಾವು?" ಎಂದು ಕೇಳಿದರು. ನಾನು ಬೆರಗಾಗಿ ಹೌದೆಂದೆ. "ಒಳಗೆ ಸೀಮೆಸುಣ್ಣ ಇದೆ" ಎಂದು ಕನ್ನಡಿಯನ್ನು ನನ್ನ ಕೈಗೆ ಕೊಟ್ಟರು. ಐವತ್ತು ವರ್ಷ ತಿರುಗಿಸಿ ತಿರುಗಿಸಿ ಕೀ ಕೊಡುವ ಗುಂಡಿಯ ಸಂದು ಸಡಿಲವಾಗಿತ್ತು. ಆ ಸಂದಿನಿಂದ ಹತ್ತು ವರ್ಷದ ನನ್ನ ಪಾಠಗಳು ಪುಡಿಯಾಗಿ ಒಳಗಿಳಿದು, ಎಣ್ಣೆಯೊಡನೆ ಕಲೆತು, ಚಕ್ರದ ಹಲ್ಲುಗಳ ನಡುವೆ ಬೂದುಬಣ್ಣದ ಲೇಪವಾಗಿ ಕುಳಿತಿದ್ದವು. ಹಳಗನ್ನಡ ಎಷ್ಟು ವಿದ್ಯಾರ್ಥಿಗಳ ತಲೆಯೊಳಗೆ ಇಳಿಯಿತೋ ಅರಿಯೆ, ಗಡಿಯಾರದೊಳಗಂತೂ ಇಳಿದಿತ್ತು.

ಅವರು ತೊಳೆದು, ತುಕ್ಕು ತೆಗೆದು, ಸವೆದ ಕಡ್ಡಿಯನ್ನು ಬದಲಾಯಿಸಿ ಓಡುವಂತೆ ಮಾಡಿಕೊಟ್ಟರು. ಬದಲಿ ಕಡ್ಡಿ ಬಂದುದು ಡಬ್ಬದಲ್ಲಿದ್ದ ಮತ್ತೊಂದು ಸತ್ತ ಜನತಾದಿಂದ. "ಹೊಸ ಸಾಮಾನು ಈಗೆಲ್ಲಿ ಬರುತ್ತೆ ಮೇಷ್ಟ್ರೇ? ಒಂದನ್ನ ಬಿಚ್ಚಿ ಇನ್ನೊಂದನ್ನ ಬದುಕಿಸೋದು. ಈ ಡಬ್ಬ ಖಾಲಿಯಾದರೆ ನಾನೂ ಅಂಗಡಿ ಮುಚ್ಚುತೀನಿ. ಇದನ್ನ ದಿನಾ ಕಟ್ಟಬೇಡಿ. ಹಾಗಂತ ಸುಮ್ಮನೆ ಮಲಗಿಸಲೂ ಬೇಡಿ, ಎಣ್ಣೆ ಅಂಟಾಗಿ ಹಿಡಕೊಳ್ಳುತ್ತೆ. ಆಗಾಗ ಕೀ ಕೊಡಿ" ಎಂದರು. ನಾನು ಅವರ ಮಾತಿನ ಮೊದಲರ್ಧವನ್ನು ಮಾತ್ರ ಮನಸ್ಸಿನಲ್ಲಿಟ್ಟುಕೊಂಡು ಮನೆಗೆ ಬಂದೆ.

ಹೀಗೆ ಎಂಟನೆಯ ಗಡಿಯಾರದ ಆಗಮನವಾಯಿತು. ಬಿದ್ದರೆ ಒಡೆಯದ, ನೀರಿಗೆ ಅಂಜದ, ಧೂಳನ್ನು ಒಳಗೆ ಬಿಡದ ಒಂದು ಗಟ್ಟಿಪಿಂಡ ಬೇಕೆಂದು ಅಂಗಡಿಯಲ್ಲಿ ಕೇಳಿದೆ. ಅವರು ಕ್ಯಾಸಿಯೋ ಕಂಪನಿಯ ಜಿ-ಶಾಕ್ ತೋರಿಸಿದರು. ಕಪ್ಪು ರಬ್ಬರಿನಂಥ ಕವಚ, ಚೌಕ ಮುಖ, ಮುಳ್ಳುಗಳಿಲ್ಲ, ಅಂಕಿಗಳೇ. ರೂಪದಲ್ಲಿ ಅದು ಗಡಿಯಾರಕ್ಕಿಂತ ಹೆಚ್ಚಾಗಿ ಲಾರಿಯ ಟೈರಿಗೆ ಹತ್ತಿರದ ಬಂಧು. ತಿಂಗಳಿಗೆ ಹದಿನೈದು ಸೆಕೆಂಡಿಗಿಂತ ಹೆಚ್ಚು ತಪ್ಪುವುದಿಲ್ಲವಂತೆ. ಮರುದಿನ ತರಗತಿಯಲ್ಲಿ ಹಿಂದಿನ ಬೆಂಚಿನ ಹುಡುಗನೊಬ್ಬ ತನ್ನ ಮುಂಗೈಯನ್ನೆತ್ತಿ ತೋರಿಸಿ, "ಸಾರ್, ನಾವೂ ನೀವೂ ಒಂದೇ" ಎಂದ. ಹತ್ತು ವರ್ಷದಲ್ಲಿ ನನಗೆ ದೊರೆತ ಅತ್ಯಂತ ಆತ್ಮೀಯ ಮಾತು ಅದೇ ಇದ್ದೀತು.

ಈ ಟೈರಿನ ಪೂರ್ವಚರಿತ್ರೆಯನ್ನು ನಾನು ಕೊಂಡ ಮೇಲೆ ಓದಿದೆ. ಕಿಕುವೊ ಇಬೆ ಎಂಬ ಕ್ಯಾಸಿಯೋ ಎಂಜಿನಿಯರನಿಗೆ ಅವನ ತಂದೆ ಕೊಟ್ಟ ಗಡಿಯಾರವೊಂದಿತ್ತು. ಒಂದು ದಿನ ಕಚೇರಿಯಲ್ಲಿ ಯಾರಿಗೋ ಢಿಕ್ಕಿ ಹೊಡೆದು ಅದು ಕಳಚಿ ಬಿದ್ದು ಚೂರುಚೂರಾಯಿತು. ಬಿದ್ದರೂ ಒಡೆಯದ ಗಡಿಯಾರವನ್ನು ಮಾಡಬೇಕೆಂಬ ಹಟ ಅವನಿಗೆ ಹಿಡಿದುದು ಅಲ್ಲಿಂದ. 1981ರಲ್ಲಿ ಕೆಲಸ ತೊಡಗಿ, ಮಾದರಿಗಳನ್ನು ಕಟ್ಟಡದ ಮೂರನೆಯ ಅಂತಸ್ತಿನ ಶೌಚಾಲಯದ ಕಿಟಕಿಯಿಂದ ಕೆಳಗೆಸೆದು ಪರೀಕ್ಷಿಸುತ್ತಿದ್ದ. ಸುಮಾರು ಇನ್ನೂರು ಮಾದರಿಗಳು ಹೀಗೆ ಹೋದವು. ಹತಾಶನಾಗಿ ಉದ್ಯಾನವೊಂದರಲ್ಲಿ ಕುಳಿತಿದ್ದಾಗ ಹುಡುಗಿಯೊಬ್ಬಳು ಚೆಂಡು ಪುಟಿಸುವುದನ್ನು ಕಂಡನಂತೆ. ಚೆಂಡಿನ ನಡುವೆ ಯಂತ್ರ ತೇಲುತ್ತಿರುವಂತಿದ್ದರೆ ಹೊರಗಿನ ಪೆಟ್ಟು ಅದನ್ನು ಮುಟ್ಟಲಾರದೆಂದು ಹೊಳೆಯಿತು. 1983ರಲ್ಲಿ ಗಡಿಯಾರ ಮಾರುಕಟ್ಟೆಗೆ ಬಂದಿತು. ಅಂತೂ, ತಂದೆ ಕೊಟ್ಟುದನ್ನು ಒಡೆದುಕೊಂಡ ಮಗನೊಬ್ಬನ ಸಂಕಟದಿಂದ ಹುಟ್ಟಿದ ಗಡಿಯಾರವನ್ನು, ತಂದೆ ಕೊಟ್ಟುದು ಒಡೆಯದಿರಲೆಂದು ಇಲ್ಲಿ ಇನ್ನೊಬ್ಬ ಮಗ ಕೊಂಡಿದ್ದ. ಇದನ್ನು ಓದಿದಾಗ ನನ್ನ ಆರು ಸಾವಿರ ರೂಪಾಯಿ ಸಾರ್ಥಕವಾಯಿತೆಂದು ಹಿಗ್ಗಿದೆ. ಜನತಾವನ್ನು ಹತ್ತಿಯಲ್ಲಿ ಸುತ್ತಿ, ಉಳಿದ ಆರರ ಜೊತೆಗೆ ಮರದ ಪೆಟ್ಟಿಗೆಯಲ್ಲಿಟ್ಟೆ.

ನನ್ನ ತಂದೆಯವರಿಗೆ ಈಗ ಎಪ್ಪತ್ತನಾಲ್ಕು. ನಮ್ಮೊಡನೆಯೇ ಇದ್ದಾರೆ. ಹೊಸ ಗಡಿಯಾರವನ್ನು ಅವರು ಮೊದಲ ದಿನವೇ ನೋಡಿದರು, ಏನನ್ನೂ ಹೇಳಲಿಲ್ಲ. ವಾರ ಕಳೆದ ಮೇಲೆ ಸಂಜೆಯ ಕಾಫಿಯ ಹೊತ್ತಿನಲ್ಲಿ ಲೋಟವನ್ನು ಕೆಳಗಿಡುತ್ತ, "ಜನತಾ ಕೆಟ್ಟಿತೇನೋ?" ಎಂದರು.

"ಇಲ್ಲಪ್ಪ, ಚೆನ್ನಾಗಿ ಓಡುತ್ತೆ. ಸುಮ್ಮನೆ ಸವೆಯೋದು ಬೇಡ ಅಂತ ಎತ್ತಿಟ್ಟಿದ್ದೇನೆ."

"ಓಹೋ, ಪೆನ್ಷನ್ ಕೊಟ್ಟೆ ಅನ್ನು."

ನಗುತ್ತಲೇ ಅಂದರು, ನಾನೂ ನಕ್ಕೆ. ಆದರೆ ಆ ರಾತ್ರಿ ನನಗೆ ಬೇಗ ನಿದ್ರೆ ಹತ್ತಲಿಲ್ಲ. ಕಳೆದ ವರ್ಷ ಅವರು ಮಾರುಕಟ್ಟೆಯ ಮೆಟ್ಟಿಲಲ್ಲಿ ಜಾರಿದ್ದರು. ಅಂಥ ಪೆಟ್ಟೇನೂ ಆಗಿರಲಿಲ್ಲ. ಅಂದಿನಿಂದ ತರಕಾರಿಯನ್ನು ಫೋನಿನ ಮೂಲಕ ಮನೆಗೇ ತರಿಸುತ್ತಿದ್ದೇವೆ. ಹಾಲು ಬಾಗಿಲಿಗೆ ಬರುತ್ತದೆ. ಕರೆಂಟಿನ ಬಿಲ್ಲಿಗೆ ಸಾಲಿನಲ್ಲಿ ನಿಲ್ಲುವುದು ಅವರ ತಿಂಗಳಿನ ಹಬ್ಬವಾಗಿತ್ತು. ಅದನ್ನು ನಾನು ಮಂಚದ ಮೇಲೆ ಮಲಗಿಕೊಂಡೇ ಕಟ್ಟಿಬಿಡುತ್ತೇನೆ. ಮೊಮ್ಮಗಳನ್ನು ಶಾಲೆಯಿಂದ ಕರೆತರಲು ವ್ಯಾನು ಬಂದಿದೆ. ಒಂದೊಂದನ್ನೂ ಅವರ ಮೇಲಿನ ಅಕ್ಕರೆಯಿಂದಲೇ ಮಾಡಿದೆವು, ಇದು ಸುಳ್ಳಲ್ಲ. ಹೀಗೆ ಒಂದೊಂದಾಗಿ ತೆಗೆದ ಮೇಲೆ ಅವರ ಪಾಲಿಗೆ ಉಳಿದುದು ದಿನಪತ್ರಿಕೆ ಮತ್ತು ಹತ್ತಿ.

ಶ್ರಾವಣದಲ್ಲೊಂದು ಶನಿವಾರ ಮಧ್ಯಾಹ್ನ ಕಾಲೇಜಿನಿಂದ ಬಂದಾಗ ತಂದೆಯವರು ಮನೆಯಲ್ಲಿರಲಿಲ್ಲ. ಪೆಟ್ಟಿಗೆಯ ಮುಚ್ಚಳ ತೆರೆದಿತ್ತು. ಜನತಾದ ಜಾಗದಲ್ಲಿ ಹತ್ತಿ ಮಾತ್ರ ಇತ್ತು. ಎರಡು ಗಂಟೆಗೆ ಅವರು ಬಂದರು. ಕೈಯಲ್ಲಿ ಚೀಲ, ಚೀಲದಲ್ಲಿ ಹೀರೇಕಾಯಿ, ಮಣಿಕಟ್ಟಿನಲ್ಲಿ ಜನತಾ. ಕೈ ಬಡವಾಗಿದ್ದುದರಿಂದ ಪಟ್ಟಿ ಸಡಿಲವಾಗಿ ಗಡಿಯಾರ ಅಂಗೈಯ ಕಡೆಗೆ ತಿರುಗಿಕೊಂಡಿತ್ತು. ನಾನು ಕೂಗಾಡಿದೆ. ಮೆಟ್ಟಿಲಿನ ವಿಷಯ ಎತ್ತಿದೆ, ಮಳೆಯ ವಿಷಯ ಎತ್ತಿದೆ, ಸಿಕ್ಕದ ಬಿಡಿಭಾಗಗಳ ವಿಷಯವನ್ನೂ ಎತ್ತಿದೆ. ಯಾವುದು ಗಡಿಯಾರವನ್ನು ಕುರಿತದ್ದು, ಯಾವುದು ಅವರನ್ನು ಕುರಿತದ್ದು ಎಂಬುದು ನನಗೇ ತಿಳಿಯದ ಹಾಗೆ ಕಲೆತುಹೋಯಿತು. ಅವರು ಚೀಲವನ್ನು ಸೊಸೆಯ ಕೈಗೆ ಕೊಟ್ಟು, "ಎಳೇದು ಸಿಕ್ಕಿತಮ್ಮ. ಫೋನಿನವನು ಕಳಿಸೋದೆಲ್ಲ ಬರೀ ನಾರು" ಎಂದರು. ಆಕೆ ಒಂದು ಕಾಯಿಯನ್ನು ಮುರಿದು ನೋಡಿ, "ಹೌದು ಮಾವ" ಎಂದಳು. ಮನೆಯಲ್ಲಿ ಬಹುಮತ ಎತ್ತ ಕಡೆಗಿದೆಯೆಂದು ನನಗೆ ಅರ್ಥವಾಯಿತು.

ಈಗಿನ ಏರ್ಪಾಡು ಹೀಗಿದೆ. ಜಿ-ಶಾಕ್ ನನ್ನೊಡನೆ ಕಾಲೇಜಿಗೆ ಬಂದು ಸೀಮೆಸುಣ್ಣ ತಿನ್ನುತ್ತದೆ, ಮಳೆಯಲ್ಲಿ ನೆನೆಯುತ್ತದೆ, ಒಮ್ಮೆ ಮೆಟ್ಟಿಲ ಮೇಲೆ ಬಿದ್ದು ಪುಟಿದು ನಿಂತಿದೆ. ಜನತಾ ಮರಳಿ ತಂದೆಯವರ ಕೈಸೇರಿದೆ. ಪಟ್ಟಿಗೆ ಎರಡು ತೂತು ಹೆಚ್ಚಾಗಿ ಹಾಕಿಸಿದ್ದೇನೆ. ವಾರಕ್ಕೆರಡು ದಿನ ಅದು ಮಾರುಕಟ್ಟೆಗೆ ಹೋಗುತ್ತದೆ, ಮಳೆ ಬಂದರೆ ಅಂಗಡಿಯ ಸೂರಿನಡಿ ನಿಲ್ಲುತ್ತದೆ. ಅದು ಇನ್ನೂ ಸವೆಯುವುದೆಂದು ಬಲ್ಲೆ. ಚಿಕ್ಕಪೇಟೆಯ ಡಬ್ಬದಲ್ಲಿ ಇನ್ನೆಷ್ಟು ಕಡ್ಡಿಗಳಿವೆಯೆಂದು ಕೇಳುವ ಧೈರ್ಯ ನನಗಾಗಿಲ್ಲ.

ಉಳಿದ ಗಡಿಯಾರಗಳ ಉಸ್ತುವಾರಿಯನ್ನು ತಂದೆಯವರೇ ವಹಿಸಿಕೊಂಡಿದ್ದಾರೆ. ಭಾನುವಾರ ಸ್ನಾನವಾದ ಮೇಲೆ ಪೆಟ್ಟಿಗೆಯನ್ನು ಹಜಾರಕ್ಕೆ ತಂದು, ಒಂದೊಂದನ್ನೂ ಪಂಚೆಯ ಅಂಚಿನಿಂದ ಒರೆಸಿ, ಕೀ ಕೊಡುವ ಗುಂಡಿಯನ್ನು ಹೊರಕ್ಕೆಳೆದು ಹಿಡಿದು, "ನಿನ್ನ ಜಪಾನಿನವನು ಏನಂತಾನೋ?" ಎಂದು ಕೇಳುತ್ತಾರೆ. ನಾನು ಗಂಟೆ, ನಿಮಿಷ ಓದಿ ಹೇಳುತ್ತೇನೆ. ಅವರು ಮುಳ್ಳನ್ನು ಕೂಡಿಸುತ್ತಾರೆ. ನನ್ನ ತಾಯಿಯವರದನ್ನು ಕೊನೆಗೆ ಎತ್ತಿಕೊಳ್ಳುತ್ತಾರೆ. ಅದರ ಗುಂಡಿ ಬಹಳ ಸಣ್ಣದು, ಅವರ ಬೆರಳಿಗೆ ಸಿಕ್ಕುವುದಿಲ್ಲ. ಅದಕ್ಕೆ ಮಗಳನ್ನು ಕರೆಯುತ್ತಾರೆ. ಆಕೆ ತಿರುಗಿಸುತ್ತಾಳೆ, ತಾತ ಎಣಿಸುತ್ತಾರೆ. ಹನ್ನೆರಡು ಎಂದೊಡನೆ ಇಬ್ಬರೂ ಅದನ್ನು ಕಿವಿಗಿಟ್ಟುಕೊಳ್ಳುತ್ತಾರೆ, ಮೊದಲು ಆಕೆ, ಆಮೇಲೆ ಅವರು.